40 ದಾಟಿದ ಪಿಚರ್ ಮೇಲೆ ಸ್ಟೀರಾಯ್ಡ್ ಅನುಮಾನ: ತೂಗಿ ನೋಡುವುದು ಹೇಗೆ

ಬೇಸ್‌ಬಾಲ್‌ನಲ್ಲಿ ವಯಸ್ಸಾದ ಪಿಚರ್ ಒಬ್ಬ ಇದ್ದಕ್ಕಿದ್ದಂತೆ ಚೆನ್ನಾಗಿ ಎಸೆಯಲು ಶುರು ಮಾಡಿದರೆ ಸಾಕು, ಎರಡು ಥರದ ಜನ ಎದ್ದು ನಿಲ್ಲುತ್ತಾರೆ. ಕೆಲವರು "ಇವನು ಏನೋ ತಗೊಂಡಿದ್ದಾನೆ, ನೋಡಿದರೇ ಗೊತ್ತಾಗುತ್ತೆ" ಅನ್ನುತ್ತಾರೆ. ಉಳಿದವರು "ಸಾಬೀತಾಗಿದೆಯಾ? ಇಲ್ಲ ತಾನೇ? ಹಾಗಾದರೆ ಸುಮ್ನಿರಿ" ಅನ್ನುತ್ತಾರೆ. ಇಬ್ಬರಿಗೂ ಕೂತು ಲೆಕ್ಕ ನೋಡುವ ತಾಳ್ಮೆ ಇಲ್ಲ. ಅನುಮಾನ ಪಡುವುದು ತಪ್ಪೇನಲ್ಲ. ಸ್ಟೀರಾಯ್ಡ್ ಬಳಕೆ ಹಬ್ಬಿದ್ದ 1990ರ ದಶಕದ ಬೇಸ್‌ಬಾಲ್ ಗೊತ್ತಿದ್ದವರಿಗೆ ಅನುಮಾನ ಬರದೇ ಇದ್ದರೇ ಆಶ್ಚರ್ಯ. ಆದರೆ ಅದನ್ನು ಪರೀಕ್ಷಿಸುವುದಕ್ಕೆ ಒಂದು ಕ್ರಮ ಇದೆ. ಮೊದಲು ಕಾಗದ ಪತ್ರ, ಆಮೇಲೆ ತಾರೀಖು, ಆಮೇಲೆ ಅಂಕಿ ಅಂಶ, ಎಲ್ಲಕ್ಕಿಂತ ಕೊನೆಗೆ ಮೈಕಟ್ಟು. ಬಹಳ ಜನ ಮೈಕಟ್ಟಿನಿಂದ ಶುರು ಮಾಡಿ ಅಲ್ಲೇ ನಿಲ್ಲಿಸುತ್ತಾರೆ.

ಕ್ರಿಕೆಟ್ ಮಾತ್ರ ಗೊತ್ತಿರುವವರಿಗೆ ಎರಡು ಮಾತು. ಪಿಚರ್ ಅಂದರೆ ಚೆಂಡು ಎಸೆಯುವವನು. ಸ್ಟಾರ್ಟರ್ ಆದವನು ಸುಮಾರು ಐದು ದಿನಕ್ಕೊಮ್ಮೆ ಕಣಕ್ಕಿಳಿದು ನೂರರ ಆಸುಪಾಸು ಎಸೆತ ಎಸೆಯುತ್ತಾನೆ, ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಇದೇ ಕೆಲಸ. ಇಆರ್‌ಎ ಅಂದರೆ 9 ಇನಿಂಗ್ಸ್‌ಗೆ ಅವನ ಲೆಕ್ಕಕ್ಕೆ ಬೀಳುವ ಸರಾಸರಿ ರನ್, ಕಡಿಮೆ ಇದ್ದಷ್ಟೂ ಒಳ್ಳೆಯದು. ಮೇಜರ್ ಲೀಗ್ ಅಂದರೆ ಅಮೆರಿಕದ ಮೇಲ್ಮಟ್ಟದ ಬೇಸ್‌ಬಾಲ್, ಅದರೊಳಗೆ ಅಮೆರಿಕನ್, ನ್ಯಾಷನಲ್ ಅಂತ ಎರಡು ಲೀಗ್. ವರ್ಷದ ಅತ್ಯುತ್ತಮ ಪಿಚರ್‌ಗೆ ಲೀಗಿಗೊಂದರಂತೆ ಕೊಡುವ ಪ್ರಶಸ್ತಿ ಸೈ ಯಂಗ್. ದಾಂಡಿಗ ಚೆಂಡನ್ನು ಆಡಲಾಗದೆ ಮೂರು ಸ್ಟ್ರೈಕ್‌ಗೆ ಔಟಾದರೆ ಅದು ಪಿಚರ್‌ಗೆ ಸಿಕ್ಕ ಸ್ಟ್ರೈಕ್‌ಔಟ್. ಇಷ್ಟು ಸಾಕು.

ಪಿಚರ್‌ಗೆ ಸ್ಟೀರಾಯ್ಡ್ ಯಾಕೆ ಬೇಕು?

ಸ್ಟೀರಾಯ್ಡ್ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಹೋಮ್ ರನ್ ಹೊಡೆಯುವ ದಾಂಡಿಗರು. ದಪ್ಪ ಕತ್ತು, ದಪ್ಪ ತೋಳು. ಪಿಚರ್‌ಗೆ ಬೇಕಾದ್ದು ಅದಲ್ಲ. ಎಸೆದ ಮಾರನೇ ದಿನ ಭುಜ ಎತ್ತುವುದಕ್ಕೂ ಆಗದ ಸ್ಥಿತಿಯಿಂದ ಐದನೇ ದಿನ ಮತ್ತೆ ಎಸೆಯುವ ಸ್ಥಿತಿಗೆ ಬರಬೇಕು. 25ರ ಹುಡುಗನಿಗೆ ಅದು ತಾನಾಗಿಯೇ ಆಗುತ್ತದೆ, 40ರವನಿಗೆ ಆಗುವುದಿಲ್ಲ. ಸ್ನಾಯುವಿನ ದಣಿವು ಬೇಗ ಇಳಿಯಲಿ, ಜಿಮ್‌ನಲ್ಲಿ ಇನ್ನಷ್ಟು ಕೆಲಸ ಮಾಡುವಂತಾಗಲಿ, ಸೀಸನ್ನಿನ ಕೊನೆಯ ತಿಂಗಳಲ್ಲೂ ಕಾಲಲ್ಲಿ ಕಸುವು ಉಳಿಯಲಿ ಎಂಬುದೇ ಆಸೆ. ಎಚ್‌ಜಿಎಚ್, ಅಂದರೆ ಬೆಳವಣಿಗೆಯ ಹಾರ್ಮೋನ್ ಬಳಸಿದವರೂ ಹೆಚ್ಚಾಗಿ ಹೇಳಿದ್ದು "ಗಾಯ ಬೇಗ ವಾಸಿಯಾಗಲಿ ಅಂತ" ಎಂದೇ. ಆರೋಗ್ಯವಂತನಿಗೆ ಎಚ್‌ಜಿಎಚ್ ಒಂದರಿಂದಲೇ ಬಲ ಹೆಚ್ಚುತ್ತದೆ ಅನ್ನುವುದಕ್ಕೆ ಗಟ್ಟಿ ಆಧಾರ ಇಲ್ಲ. ಆದರೂ ಆಟಗಾರರು ನಂಬಿದ್ದರು, ದುಡ್ಡು ಕೊಟ್ಟು ಕೊಂಡರು.

ಅದಕ್ಕೇ 2005ರಲ್ಲಿ ಸಿಕ್ಕಿಬಿದ್ದವರ ಹೆಸರು ಬಹಿರಂಗವಾಗಲು ಶುರುವಾದಾಗ ಜನ ಬೆರಗಾದರು. ಹುವಾನ್ ರಿಂಕನ್, ರಯನ್ ಫ್ರ್ಯಾಂಕ್ಲಿನ್ ಇಬ್ಬರೂ ಪಿಚರ್‌ಗಳು. ಪೋಸ್ಟರಿನಲ್ಲಿ ಅಂಟಿಸುವಂಥ ದೈತ್ಯರೇನೂ ಅಲ್ಲ. "ಪಿಚರ್‌ಗಳು ಪಾಪ, ಮೋಸದ ದಾಂಡಿಗರ ಕೈಯಲ್ಲಿ ಏಟು ತಿಂದವರು" ಎಂಬ ಕಥೆ ಅಲ್ಲಿಗೆ ಮುಗಿಯಿತು.

ಮೊದಲು ಕಾಗದ

ಯಾರದ್ದೇ ಹೆಸರು ಕೇಳಿಬಂದರೂ ಮೊದಲ ಪ್ರಶ್ನೆ ಒಂದೇ. ಆಧಾರ ಯಾವ ಥರದ್ದು? ಎಲ್ಲಾ ಆಧಾರಗಳಿಗೂ ಒಂದೇ ತೂಕ ಇಲ್ಲ.

ಟೆಸ್ಟ್‌ನಲ್ಲಿ ಸಿಕ್ಕಿಬಿದ್ದಿದ್ದರೆ ಅದು ಎಲ್ಲಕ್ಕಿಂತ ಭಾರ. ಬಾರ್ಟೊಲೊ ಕೊಲೋನ್ 2012ರ ಆಗಸ್ಟ್‌ನಲ್ಲಿ, 39ನೇ ವಯಸ್ಸಿನಲ್ಲಿ, ಟೆಸ್ಟೋಸ್ಟೆರಾನ್ ಪಾಸಿಟಿವ್ ಬಂದು 50 ಪಂದ್ಯ ಹೊರಗೆ ಕೂತ. ಅಲ್ಲಿ ವಾದ ಇಲ್ಲ. ಆಮೇಲೆ ಸ್ವಂತ ಒಪ್ಪಿಗೆ ಬರುತ್ತದೆ. ಆ್ಯಂಡಿ ಪೆಟಿಟ್ 2002ರಲ್ಲಿ ಮೊಣಕೈ ನೋವಿಗೆ ಎಚ್‌ಜಿಎಚ್ ತಗೊಂಡೆ ಅಂತ ಒಪ್ಪಿಕೊಂಡ, ಸ್ವಲ್ಪ ದಿನದ ಮೇಲೆ 2004ರಲ್ಲೂ ತಗೊಂಡಿದ್ದೆ ಅಂತ ಸೇರಿಸಿದ. ಗಮನಿಸಿ, ಮೊದಲ ಒಪ್ಪಿಗೆ ಪೂರ್ತಿ ಆಗಿರಲಿಲ್ಲ. ಒಪ್ಪಿಕೊಂಡವರು ಒಪ್ಪಿಕೊಂಡಷ್ಟೇ ಮಾಡಿದ್ದಾರೆ ಅಂತ ನಂಬುವ ಅಗತ್ಯ ಇಲ್ಲ. ಹಾಗಂತ ಜಾಸ್ತಿ ಮಾಡಿದ್ದಾರೆ ಅಂತ ನಾವೇ ಕಟ್ಟಿಕೊಳ್ಳುವುದೂ ಬೇಡ.

ಮೂರನೆಯದು ದಾಖಲೆ ಮತ್ತು ಸಾಕ್ಷಿ. ಇಲ್ಲಿ ಮಿಚೆಲ್ ವರದಿ ಬರುತ್ತದೆ. ಮಾಜಿ ಸೆನೆಟರ್ ಜಾರ್ಜ್ ಮಿಚೆಲ್ 2007ರ ಡಿಸೆಂಬರ್ 13ರಂದು ಬಿಡುಗಡೆ ಮಾಡಿದ, ಬೇಸ್‌ಬಾಲ್‌ನಲ್ಲಿ ಇಂಥ ಔಷಧ ಬಳಕೆಯ ಬಗೆಗಿನ 409 ಪುಟದ ವರದಿ ಅದು, ಅದರಲ್ಲಿ 80ಕ್ಕೂ ಹೆಚ್ಚು ಆಟಗಾರರ ಹೆಸರಿದೆ. ಬಹಳ ಜನ ಅದನ್ನು "ಲಿಸ್ಟ್" ಅಂತ ಕರೆಯುತ್ತಾರೆ. ಲಿಸ್ಟ್‌ನಲ್ಲಿ ಹೆಸರಿದೆ, ಮುಗಿಯಿತು ಅನ್ನುವ ಧಾಟಿ. ಹಾಗೆ ಓದಬೇಡಿ. ಪ್ರತಿ ಹೆಸರಿನ ಕೆಳಗೆ ಏನು ಬರೆದಿದ್ದಾರೆ ನೋಡಿ. ನ್ಯೂಯಾರ್ಕ್ ಮೆಟ್ಸ್ ತಂಡದ ಕ್ಲಬ್‌ಹೌಸ್‌ನಲ್ಲಿ ಕೆಲಸ ಮಾಡಿದ್ದ ಕರ್ಕ್ ರಾಡೊಮ್ಸ್ಕಿ ಎಂಬುವನು ಔಷಧ ಮಾರಿದ್ದನ್ನು ಒಪ್ಪಿಕೊಂಡು ತನಿಖೆಗೆ ಸಹಕರಿಸಿದ. ಕೆಲವರ ವಿಚಾರದಲ್ಲಿ ಅವನ ಹತ್ತಿರ ಚೆಕ್ ಇತ್ತು, ಅಂಚೆ ರಸೀದಿ ಇತ್ತು. ಇನ್ನು ಕೆಲವರ ವಿಚಾರದಲ್ಲಿ ಬರೀ ಬಾಯಿಮಾತು. ಒಂದೇ ವರದಿಯೊಳಗೆ ಎರಡು ತೂಕದ ಸಾಕ್ಷಿ ಇವೆ.

ನಾಲ್ಕನೆಯದು ಒಬ್ಬನ ಮಾತು, ಅದೂ ಜಗಳ ಇರುವ ಒಬ್ಬನ ಮಾತು. ಐದನೆಯದು ಏನೂ ಇಲ್ಲದಿರುವುದು. ನಾವು ದಿನಾ ಓದುವ ಅನುಮಾನಗಳಲ್ಲಿ ಹೆಚ್ಚಿನವು ಈ ಐದನೇ ಗುಂಪಿಗೆ ಸೇರುತ್ತವೆ.

ಯಾವ ವರ್ಷ ಅಂತ ಕೇಳಿ

"ಅವನು ಒಮ್ಮೆಯೂ ಟೆಸ್ಟ್‌ನಲ್ಲಿ ಸಿಕ್ಕಿಬಿದ್ದಿಲ್ಲ" ಅನ್ನುವ ಮಾತಿಗೆ ಎಷ್ಟು ಬೆಲೆ ಅನ್ನುವುದು ವರ್ಷದ ಮೇಲೆ ನಿಂತಿದೆ. 1991ರಲ್ಲಿ ಕಮಿಷನರ್ ಫೇ ವಿನ್ಸೆಂಟ್ ಸ್ಟೀರಾಯ್ಡ್ ನಿಷೇಧ ಅಂತ ಸುತ್ತೋಲೆ ಕಳಿಸಿದ್ದ, ಆದರೆ ಮೇಜರ್ ಲೀಗ್ ಆಟಗಾರರನ್ನು ಪರೀಕ್ಷಿಸುವ ವ್ಯವಸ್ಥೆಯೇ ಇರಲಿಲ್ಲ. 2003ರಲ್ಲಿ ಹೆಸರು ಹೇಳದ ಸಮೀಕ್ಷೆ ಥರದ ಟೆಸ್ಟ್ ನಡೆಯಿತು. 5% ದಾಟಿದರೆ ಮುಂದಿನ ವರ್ಷದಿಂದ ನಿಜವಾದ ಟೆಸ್ಟ್ ಅಂತ ಒಪ್ಪಂದ ಇತ್ತು, ದಾಟಿತು. 2005ರಲ್ಲಿ ಮೊದಲ ಸಲದ ತಪ್ಪಿಗೆ ಬರೀ 10 ದಿನದ ಶಿಕ್ಷೆ. 2006ರಿಂದ 50 ಪಂದ್ಯ, ದಣಿವು ಮರೆಸುವ ಆಂಫೆಟಮಿನ್ ಮಾತ್ರೆಗಳ ಪರೀಕ್ಷೆಯೂ ಆಗಲೇ ಶುರು. ಎಚ್‌ಜಿಎಚ್‌ಗೆ ರಕ್ತ ಪರೀಕ್ಷೆ ಬಂದದ್ದು 2012ರಲ್ಲಿ, ಸೀಸನ್ ನಡುವೆಯೂ ಮಾಡಲು ಶುರು ಮಾಡಿದ್ದು 2013ರಲ್ಲಿ. 2014ರಿಂದ ಮೊದಲ ತಪ್ಪಿಗೆ 80 ಪಂದ್ಯ, ಎರಡನೆಯದಕ್ಕೆ 162, ಮೂರನೆಯದಕ್ಕೆ ಆಜೀವ ನಿಷೇಧ.

ಅಂದರೆ 1998ರಲ್ಲಿ "ಸಿಕ್ಕಿಬಿದ್ದಿಲ್ಲ" ಅನ್ನುವುದಕ್ಕೆ ಅರ್ಥವೇ ಇಲ್ಲ, ಹಿಡಿಯುವವರೇ ಇರಲಿಲ್ಲವಲ್ಲ. 2019ರಲ್ಲಿ ಅದೇ ಮಾತಿಗೆ ಸಾಕಷ್ಟು ಬೆಲೆ ಇದೆ. ಪೂರ್ತಿ ಬೆಲೆ ಅನ್ನಲಾರೆ, ಯಾಕೆಂದರೆ ಕಡಿಮೆ ಪ್ರಮಾಣದ ಟೆಸ್ಟೋಸ್ಟೆರಾನ್ ಮೈಯಿಂದ ಬೇಗ ಹೋಗುತ್ತದೆ, ಪರೀಕ್ಷೆಗೆ ಸಿಗುವ ಅವಧಿ ಚಿಕ್ಕದು.

ಕ್ಲೆಮೆನ್ಸ್ ಲೆಕ್ಕ: ತಾರೀಖು ಜೋಡಿಸುವುದು

ಈ ವಿಷಯದಲ್ಲಿ ಎಲ್ಲಾ ದಾರಿಯೂ ರೋಜರ್ ಕ್ಲೆಮೆನ್ಸ್ ಹತ್ತಿರ ಹೋಗುತ್ತದೆ. ಅದಕ್ಕೆ ಅವನ ಲೆಕ್ಕವನ್ನೇ ನಿಧಾನವಾಗಿ ಬಿಡಿಸೋಣ, ಉಳಿದವರಿಗೆ ಇದೇ ರೀತಿ ನೀವೇ ಮಾಡಿಕೊಳ್ಳಬಹುದು.

ಹುಟ್ಟಿದ್ದು 1962ರ ಆಗಸ್ಟ್. ಬಾಸ್ಟನ್ ರೆಡ್ ಸಾಕ್ಸ್ ಪರ 1986ರಲ್ಲಿ 24 ಗೆಲುವು, 4 ಸೋಲು. ಒಂದೇ ಪಂದ್ಯದಲ್ಲಿ 20 ಸ್ಟ್ರೈಕ್‌ಔಟ್ ದಾಖಲೆಯೂ ಅದೇ ವರ್ಷ. 1993ರಿಂದ 1996ರವರೆಗೆ ಒಟ್ಟು 40 ಗೆಲುವು, 39 ಸೋಲು. ಇವನ ಕಾಲ ಮುಗಿಯುತ್ತಾ ಬಂತು ಎಂಬ ಧಾಟಿಯಲ್ಲಿ ತಂಡದ ಜನರಲ್ ಮ್ಯಾನೇಜರ್ ಮಾತಾಡಿದ, ಕ್ಲೆಮೆನ್ಸ್ ಟೊರಾಂಟೊಗೆ ಹೋದ. 1997ರಲ್ಲಿ 21-7, ಇಆರ್‌ಎ 2.05. 1998ರಲ್ಲಿ 20-6, ಇಆರ್‌ಎ 2.65. ಎರಡೂ ವರ್ಷ ಸೈ ಯಂಗ್. ಆಮೇಲೆ ನ್ಯೂಯಾರ್ಕ್ ಯಾಂಕೀಸ್. 2004ರಲ್ಲಿ ಹ್ಯೂಸ್ಟನ್‌ನಲ್ಲಿ ಏಳನೇ ಸೈ ಯಂಗ್. 2005ರಲ್ಲಿ 1.87 ಇಆರ್‌ಎ, ಆ ಸೀಸನ್ ನಡುವೆ ಅವನಿಗೆ 43 ತುಂಬಿತು.

ಇಷ್ಟು ಓದಿದರೆ ಸಾಕು, ಕಥೆ ತಾನೇ ಬರೆದುಕೊಂಡು ಹೋಗುತ್ತದೆ ಅಲ್ವಾ? ಮುಗಿದುಹೋದವನು, ಔಷಧ ತಗೊಂಡ, ಮತ್ತೆ ಎದ್ದ. ಈಗ ತಾರೀಖು ಜೋಡಿಸಿ ನೋಡಿ.

ಆರೋಪ ಮಾಡಿದವನು ಬ್ರಯನ್ ಮೆಕ್‌ನಾಮಿ. 1998ರಲ್ಲಿ ಟೊರಾಂಟೊ ತಂಡದ ಟ್ರೇನರ್, ಆಮೇಲೆ ಕ್ಲೆಮೆನ್ಸ್‌ನ ಖಾಸಗಿ ಟ್ರೇನರ್. ಅವನು ಹೇಳಿದ್ದು: 1998ರ ಸೀಸನ್ ನಡುವೆ ಮೊದಲ ಸಲ ಅವನಿಗೆ ಸ್ಟೀರಾಯ್ಡ್ ಚುಚ್ಚಿದೆ, 2000 ಮತ್ತು 2001ರಲ್ಲಿ ಮತ್ತೆ. ಹಾಗಾದರೆ 1997ರ 2.05 ಎಲ್ಲಿಂದ ಬಂತು? ಆರೋಪದ ಪ್ರಕಾರವೇ ಆಗಿನ್ನೂ ಏನೂ ಶುರುವಾಗಿರಲಿಲ್ಲ. ಅವನ ಜೀವನದ ಅತ್ಯುತ್ತಮ ವರ್ಷಗಳಲ್ಲಿ ಒಂದು ಆರೋಪದ ಕಾಲಕ್ಕೆ ಮೊದಲೇ ಬಿದ್ದಿದೆ. ಅತ್ತ 1998ರಲ್ಲಿ ಸೀಸನ್ ಮೊದಲ ಭಾಗ ಸಾಧಾರಣ, ಆಮೇಲೆ ಸತತ 15 ಗೆಲುವು. ಇದು ಆರೋಪಕ್ಕೆ ಸರಿಯಾಗಿ ಕೂರುತ್ತದೆ. ಇನ್ನೊಂದು ಕಡೆ 1999ರಲ್ಲಿ ಇಆರ್‌ಎ 4.60ಕ್ಕೆ ಏರಿತು, ಆ ವರ್ಷದ ಬಗ್ಗೆ ಮೆಕ್‌ನಾಮಿ ಏನೂ ಹೇಳಿಲ್ಲ, ಅದೂ ಕೂರುತ್ತದೆ. ಹ್ಯೂಸ್ಟನ್ ವರ್ಷಗಳ ಬಗ್ಗೆಯೂ ಅವನ ಆರೋಪ ಇಲ್ಲ. ಆದರೆ ಜನರಿಗೆ ಅತಿ ಹೆಚ್ಚು ಅನುಮಾನ ಇರುವುದೇ ಹ್ಯೂಸ್ಟನ್ ವರ್ಷಗಳ ಮೇಲೆ! ಕಾಗದ ಒಂದು ಕಡೆ ಬೆರಳು ತೋರಿಸುತ್ತದೆ, ನಮ್ಮ ಕಣ್ಣು ಇನ್ನೊಂದು ಕಡೆ ನೋಡುತ್ತದೆ.

ಇಂಥ ಪಟ್ಟಿ ಮಾಡುವಾಗ ಒಂದು ಹಾಳೆ ತಗೊಂಡು ಎಡಗಡೆ ಆರೋಪದ ವರ್ಷ, ಬಲಗಡೆ ಆ ವರ್ಷದ ಆಟ ಬರೆಯಿರಿ. ಹೊಂದದ ಸಾಲುಗಳನ್ನು ಅಳಿಸಬೇಡಿ. ಹೊಂದದ ಸಾಲುಗಳೇ ಮುಖ್ಯ.

ಕ್ಲೆಮೆನ್ಸ್‌ನದು ನ್ಯಾಯಾಲಯಕ್ಕೂ ಹೋದ ಕೇಸ್. 2008ರ ಫೆಬ್ರವರಿಯಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಪ್ರಮಾಣ ಮಾಡಿ "ನಾನು ಬಳಸಿಲ್ಲ" ಅಂದ. ಮೆಕ್‌ನಾಮಿ ಚುಚ್ಚಿದ್ದು ಬಿ12 ವಿಟಮಿನ್ ಮತ್ತು ನೋವು ಮರೆಸುವ ಲಿಡೋಕೇನ್ ಅಂತ ಅವನ ವಾದ. ಸುಳ್ಳು ಸಾಕ್ಷಿ ಹೇಳಿದ ಎಂದು ಕೇಸ್ ಬಿತ್ತು. ಮೊದಲ ವಿಚಾರಣೆ 2011ರಲ್ಲಿ ಸರ್ಕಾರಿ ವಕೀಲರು ಜ್ಯೂರಿಗೆ ತೋರಿಸಬಾರದ್ದನ್ನು ತೋರಿಸಿ ಕೆಟ್ಟುಹೋಯಿತು. ಎರಡನೇ ಸಲ 2012ರ ಜೂನ್ 18ರಂದು ಎಲ್ಲಾ ಆರು ಆರೋಪಗಳಿಂದ ಬಿಡುಗಡೆ. ಮೆಕ್‌ನಾಮಿ ವರ್ಷಗಟ್ಟಲೆ ಬಿಯರ್ ಕ್ಯಾನ್‌ನಲ್ಲಿ ಇಟ್ಟುಕೊಂಡಿದ್ದ ಸೂಜಿ, ಹತ್ತಿಗಳನ್ನು ಹಾಜರುಪಡಿಸಿದರು. ಅದರಲ್ಲಿ ಕ್ಲೆಮೆನ್ಸ್‌ನ ಡಿಎನ್‌ಎ ಸಿಕ್ಕಿತು, ಔಷಧದ ಅಂಶವೂ ಸಿಕ್ಕಿತು. ಆದರೆ ಹಾಗೆ ಇಟ್ಟ ವಸ್ತುವನ್ನು ಹೇಗೆ ನಂಬುವುದು ಅಂತ ಎದುರು ವಕೀಲರು ಹಿಡಿದರು. ಪೆಟಿಟ್ ಬಂದು, ಕ್ಲೆಮೆನ್ಸ್ ತನ್ನ ಹತ್ತಿರ ಎಚ್‌ಜಿಎಚ್ ವಿಷಯ ಹೇಳಿದ್ದ ಅಂತ ಸಾಕ್ಷಿ ಹೇಳಿದ. ಅಡ್ಡಸವಾಲಿನಲ್ಲಿ "ತಪ್ಪು ಕೇಳಿಸಿಕೊಂಡಿರುವ ಸಾಧ್ಯತೆ ಅರ್ಧಕ್ಕರ್ಧ" ಎಂಬುದನ್ನು ಒಪ್ಪಿಕೊಂಡ. ಅಲ್ಲಿಗೆ ಕೇಸ್‌ನ ಬೆನ್ನು ಮುರಿಯಿತು ಅಂತ ನನ್ನ ಲೆಕ್ಕ.

ಈ ತೀರ್ಪನ್ನು ಹೇಗೆ ಓದಬೇಕು? ಸುಳ್ಳು ಹೇಳಿದ ಎಂಬುದು ಅನುಮಾನಕ್ಕೆ ಎಡೆಯಿಲ್ಲದಂತೆ ಸಾಬೀತಾಗಲಿಲ್ಲ ಅಂತ ಓದಬೇಕು, ಅಷ್ಟೇ. "ಬಳಸಿಯೇ ಇಲ್ಲ ಅಂತ ಕೋರ್ಟ್ ಹೇಳಿತು" ಅನ್ನುವುದು ತಪ್ಪು. "ಕೋರ್ಟ್ ಏನಾದರೂ ಹೇಳಲಿ, ನನಗೆ ಗೊತ್ತು" ಅನ್ನುವುದು ಅದಕ್ಕಿಂತ ದೊಡ್ಡ ತಪ್ಪು. ಬೇಸ್‌ಬಾಲ್‌ನ ಶ್ರೇಷ್ಠರನ್ನು ಗೌರವಿಸುವ ಹಾಲ್ ಆಫ್ ಫೇಮ್‌ಗೆ ಮತ ಹಾಕುವ ಪತ್ರಕರ್ತರಿಗೂ ಇದು ಕೊನೆಯವರೆಗೆ ಬಗೆಹರಿಯಲಿಲ್ಲ. 75% ಬೇಕಿತ್ತು, ಹತ್ತನೇ ಮತ್ತು ಕೊನೆಯ ವರ್ಷ 2022ರಲ್ಲಿ ಅವನಿಗೆ 65.2% ಬಂತು.

ಅಂಕಿಗಳು ಎಲ್ಲಿ ಮೋಸ ಮಾಡುತ್ತವೆ

ಗೆಲುವು ಸೋಲಿನ ಲೆಕ್ಕವನ್ನು ಮೊದಲು ಪಕ್ಕಕ್ಕಿಡಿ. ಪಿಚರ್ ಎಷ್ಟೇ ಚೆನ್ನಾಗಿ ಎಸೆದರೂ ಅವನ ತಂಡ ರನ್ ಗಳಿಸದಿದ್ದರೆ ಸೋಲು ಅವನ ಹೆಸರಿಗೆ. 1996ರಲ್ಲಿ ಕ್ಲೆಮೆನ್ಸ್ 10-13. ಮುಗಿದುಹೋದ ಆಟಗಾರ ಅನ್ನಿಸುತ್ತೆ. ಅದೇ ವರ್ಷ ಅವನು 257 ಸ್ಟ್ರೈಕ್‌ಔಟ್ ಮಾಡಿ ಅಮೆರಿಕನ್ ಲೀಗ್‌ನಲ್ಲಿ ಮೊದಲ ಸ್ಥಾನದಲ್ಲಿದ್ದ, ಸೆಪ್ಟೆಂಬರ್‌ನಲ್ಲಿ ಎರಡನೇ ಸಲ ಒಂದೇ ಪಂದ್ಯದಲ್ಲಿ 20 ಸ್ಟ್ರೈಕ್‌ಔಟ್ ಹೊಡೆದ. ಇಆರ್‌ಎ 3.63, ಲೀಗ್ ಸರಾಸರಿ 5ರ ಹತ್ತಿರ ಇದ್ದ ವರ್ಷದಲ್ಲಿ. ಇವನನ್ನು ಮುಗಿದವನು ಅನ್ನುವುದು ಹೇಗೆ? "ಸತ್ತು ಎದ್ದ" ಕಥೆಯಲ್ಲಿ ಸಾಯುವ ಭಾಗವೇ ಅರ್ಧ ಸುಳ್ಳು.

ಅದಕ್ಕೇ ಬರೀ ಇಆರ್‌ಎ ನೋಡಬೇಡಿ, ಇಆರ್‌ಎ ಪ್ಲಸ್ ನೋಡಿ. ಅದು ಮೈದಾನವನ್ನೂ ಆ ವರ್ಷದ ಲೀಗನ್ನೂ ಲೆಕ್ಕಕ್ಕೆ ತಗೊಂಡು 100ನ್ನು ಸರಾಸರಿ ಮಾಡಿಕೊಂಡ ಅಳತೆ. ಕ್ಲೆಮೆನ್ಸ್‌ನದು 1996ರಲ್ಲಿ 139, 1997ರಲ್ಲಿ 222, 2005ರಲ್ಲಿ 226. ಈಗ ಪ್ರಶ್ನೆ ಸರಿಯಾಗಿ ಕಾಣುತ್ತದೆ. ಬಿದ್ದವನು ಎದ್ದದ್ದಲ್ಲ, ಚೆನ್ನಾಗಿದ್ದವನು ವಿಪರೀತ ಚೆನ್ನಾದದ್ದು. ಇದು ಅನುಮಾನವನ್ನು ತೆಗೆದುಹಾಕುವುದಿಲ್ಲ. ಪ್ರಶ್ನೆಯನ್ನು ಬದಲಿಸುತ್ತದೆ.

ಲೀಗ್ ಬದಲಾದದ್ದನ್ನೂ ನೋಡಿ. ಆಗ ಅಮೆರಿಕನ್ ಲೀಗ್‌ನಲ್ಲಿ ಪಿಚರ್ ಬದಲಿಗೆ ಬೇರೆ ದಾಂಡಿಗ ಆಡುತ್ತಿದ್ದ, ನ್ಯಾಷನಲ್ ಲೀಗ್‌ನಲ್ಲಿ ಪಿಚರೇ ಬ್ಯಾಟ್ ಹಿಡಿಯಬೇಕಿತ್ತು. ಅಂದರೆ ನ್ಯಾಷನಲ್ ಲೀಗ್‌ಗೆ ಹೋದ ಪಿಚರ್‌ಗೆ ಪ್ರತಿ ಸುತ್ತಿನಲ್ಲಿ ಒಂದು ಸುಲಭದ ತುತ್ತು. ಯಾಂಕೀಸ್‌ನಿಂದ ಹ್ಯೂಸ್ಟನ್‌ಗೆ ಹೋದ ಕ್ಲೆಮೆನ್ಸ್‌ಗೂ ಅದು ಸಿಕ್ಕಿತು. ಜೊತೆಗೆ ಎಷ್ಟು ಎಸೆದ ಅಂತ ನೋಡಿ. 2006ರಲ್ಲಿ ಅವನ ಇಆರ್‌ಎ 2.30, ಆದರೆ ಜೂನ್‌ನಲ್ಲಿ ಬಂದು ಆಡಿದ್ದು 19 ಪಂದ್ಯ. ಅರ್ಧ ವರ್ಷ ವಿಶ್ರಾಂತಿ ತಗೊಂಡ 43ರವನನ್ನು ಪೂರ್ತಿ ಸೀಸನ್ ದುಡಿದ 43ರವನ ಜೊತೆ ಹೋಲಿಸಬಾರದು.

ಈ ಅಂಕಿ ಜಗಳದ ಒಂದು ಒಳ್ಳೆಯ ಪ್ರಸಂಗ ಇದೆ. 2008ರ ಆರಂಭದಲ್ಲಿ ಕ್ಲೆಮೆನ್ಸ್‌ನ ಏಜೆಂಟರು ಅಂಕಿ ಅಂಶಗಳ ದೊಡ್ಡ ವರದಿ ಹೊರಡಿಸಿದರು. ನೋಲನ್ ರಯನ್, ರ‍್ಯಾಂಡಿ ಜಾನ್ಸನ್, ಕರ್ಟ್ ಶಿಲ್ಲಿಂಗ್ ಕೂಡ 40ರ ಹತ್ತಿರ ಚೆನ್ನಾಗಿಯೇ ಎಸೆದರು, ಕ್ಲೆಮೆನ್ಸ್‌ನದು ಏನೂ ವಿಚಿತ್ರ ಅಲ್ಲ ಅಂತ ವಾದ. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ವಾರ್ಟನ್ ಸ್ಕೂಲ್‌ನ ನಾಲ್ವರು ಪ್ರಾಧ್ಯಾಪಕರು ಇದನ್ನು ನೋಡಿ, ಸ್ವಾಮಿ, ವಯಸ್ಸಾದ ಮೇಲೂ ಗೆದ್ದವರನ್ನೇ ಆರಿಸಿ ಹೋಲಿಸಿದರೆ ಎಲ್ಲರೂ ಸಹಜವಾಗಿಯೇ ಕಾಣುತ್ತಾರೆ ಎಂಬರ್ಥದ ಉತ್ತರ ಕೊಟ್ಟರು. ಅವರು 1968ರಿಂದೀಚೆಗೆ ಬಹುಕಾಲ ಆಡಿದ 31 ಪಿಚರ್‌ಗಳ ಜೊತೆ ಇಟ್ಟು ನೋಡಿದರು. ಸಾಮಾನ್ಯವಾಗಿ ಪಿಚರ್ ಮೊದಲು ಏರುತ್ತಾನೆ, 30 ದಾಟಿದ ಮೇಲೆ ಇಳಿಯುತ್ತಾನೆ. ಕ್ಲೆಮೆನ್ಸ್‌ನ ಗೆರೆ ತಿರುವು ಮುರುವು, ನಡುವೆ ಇಳಿದು ಆಮೇಲೆ ಏರಿದೆ. ಹಾಗಂತ ಅವನು ತಪ್ಪಿತಸ್ಥ ಅಂತ ಅವರು ಬರೆಯಲಿಲ್ಲ. ಈ ಅಂಕಿಗಳಿಂದ ಅಪರಾಧವೂ ಸಾಬೀತಾಗದು, ನಿರಪರಾಧವೂ ಸಾಬೀತಾಗದು ಅಂತಲೇ ನಿಲ್ಲಿಸಿದರು. ಈ ವಿಷಯದಲ್ಲಿ ನಾನು ಕಂಡ ಅತ್ಯಂತ ಪ್ರಾಮಾಣಿಕ ನಿಲುವು ಅದು.

ಹೋಲಿಕೆಗೆ ಯಾರನ್ನು ಆರಿಸುತ್ತೀರಿ ಅನ್ನುವುದರಲ್ಲೇ ಉತ್ತರ ಅಡಗಿರುತ್ತದೆ. 40ರಲ್ಲಿ ಇನ್ನೂ ಆಡುತ್ತಿರುವವರು ಮೊದಲೇ ಅಪರೂಪದವರು, ಸಾಧಾರಣದವರು 33ಕ್ಕೇ ಮನೆಗೆ ಹೋಗಿರುತ್ತಾರೆ. ಆ ಉಳಿದ ಕೆಲವರಲ್ಲಿ ಅಪರೂಪದ್ದು ಕಂಡರೆ ಅದೇ ಸುದ್ದಿ ಅಲ್ಲ.

ವೇಗದ ಲೆಕ್ಕ

ಇಆರ್‌ಎಗಿಂತ ವೇಗವನ್ನು ನಂಬುವುದು ಮೇಲು, ಯಾಕೆಂದರೆ ಅದರಲ್ಲಿ ಅದೃಷ್ಟದ ಪಾಲು ಕಡಿಮೆ. ಫಾಸ್ಟ್‌ಬಾಲ್ ವೇಗ ಸಾಮಾನ್ಯವಾಗಿ 20ರ ಹರೆಯದ ನಡುವೆ ಶಿಖರ ಮುಟ್ಟಿ ಆಮೇಲೆ ನಿಧಾನವಾಗಿ ಇಳಿಯುತ್ತದೆ. 38ರಲ್ಲಿ ಅದು ಮೇಲೇರಿದರೆ ಕಾರಣ ಹುಡುಕುವುದು ಸರಿ.

ಆದರೆ ಅಳತೆಯ ಉಪಕರಣ ಯಾವುದು ಅಂತ ನೋಡಿಕೊಳ್ಳಿ. ಎಲ್ಲಾ ಮೈದಾನಗಳಲ್ಲೂ ಒಂದೇ ಥರದ ಕ್ಯಾಮೆರಾ ಅಳತೆ ಬಂದದ್ದು 2007-08ರ ಹೊತ್ತಿಗೆ. ಅದಕ್ಕೆ ಮೊದಲು ರೇಡಾರ್ ಗನ್, ಒಂದೊಂದೂ ಒಂದೊಂದು ಥರ, ಒಂದು ಕೈಯಿಂದ ಬಿಟ್ಟ ಕೂಡಲೇ ಅಳೆದರೆ ಇನ್ನೊಂದು ದಾಂಡಿಗನ ಹತ್ತಿರ ಬಂದಾಗ ಅಳೆಯುತ್ತಿತ್ತು. 1974ರಲ್ಲಿ ನೋಲನ್ ರಯನ್ ಎಸೆದ, ಗಂಟೆಗೆ 100.9 ಮೈಲಿ ವೇಗದ ಚೆಂಡನ್ನು ಬ್ಯಾಟಿನ ಹತ್ತಿರ ಅಳೆದದ್ದು, ಇವತ್ತಿನ ಅಳತೆಯಲ್ಲಿ ಅದು ಇನ್ನೂ ಜಾಸ್ತಿ. 2017ರಲ್ಲಿ ಮೇಜರ್ ಲೀಗ್ ಕೈಬಿಟ್ಟ ಜಾಗದಲ್ಲೇ ಅಳೆಯಲು ಶುರು ಮಾಡಿದಾಗ ಎಲ್ಲರ ವೇಗವೂ ಒಂದು ಚೂರು ಏರಿದಂತೆ ಕಂಡಿತು. ಆ ವರ್ಷ ನಿಮ್ಮ ಹಳೆಯ ಪಿಚರ್ ವೇಗ ಹೆಚ್ಚಿಸಿಕೊಂಡಂತೆ ಕಂಡರೆ ಅವನ ಪಕ್ಕದವನ ಅಂಕಿಯನ್ನೂ ನೋಡಿ ಬನ್ನಿ.

ಬೇರೆ ಕಾರಣಗಳು ಬಹಳ ಇವೆ. ಹೊಸ ಎಸೆತ ಕಲಿತಿರಬಹುದು. ಕ್ಲೆಮೆನ್ಸ್‌ಗೆ ಸ್ಪ್ಲಿಟರ್ ಎಂಬ ಕೊನೆಯಲ್ಲಿ ಕುಸಿಯುವ ಎಸೆತ ದೊಡ್ಡ ಅಸ್ತ್ರವಾಯಿತು. ಶಸ್ತ್ರಚಿಕಿತ್ಸೆ ಆಗಿರಬಹುದು. 1974ರಲ್ಲಿ ಡಾಕ್ಟರ್ ಫ್ರ್ಯಾಂಕ್ ಜೋಬ್ ಮೊಣಕೈಗೆ ಬೇರೆ ಕಡೆಯ ತಂತು ತಂದು ಜೋಡಿಸಿದ ಮೇಲೆ ಟಾಮಿ ಜಾನ್ 1989ರವರೆಗೆ, 46 ವರ್ಷದವರೆಗೆ, ಎಸೆದ. ಜಸ್ಟಿನ್ ವರ್ಲ್ಯಾಂಡರ್ ಅದೇ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು 2021 ಪೂರ್ತಿ ಹೊರಗಿದ್ದು, 2022ರಲ್ಲಿ 39ರ ವಯಸ್ಸಿಗೆ 1.75 ಇಆರ್‌ಎ ಜೊತೆ ಸೈ ಯಂಗ್ ಗೆದ್ದ. ಒಂದೂವರೆ ವರ್ಷಕ್ಕೂ ಹೆಚ್ಚು ಕಾಲ ಭುಜಕ್ಕೆ ವಿಶ್ರಾಂತಿ ಸಿಕ್ಕಿದ್ದನ್ನು ಲೆಕ್ಕಕ್ಕೆ ತಗೊಳ್ಳದೆ ಮಾತಾಡುವುದರಲ್ಲಿ ಅರ್ಥ ಇಲ್ಲ. ಇನ್ನು ಚೆಂಡಿನ ಸ್ಪಿನ್ ಮಾತ್ರ ದಿಢೀರ್ ಏರಿ ವೇಗ ಅಲ್ಲೇ ಇದ್ದರೆ, ಅದೂ 2021ರ ಜೂನ್‌ಗೆ ಮೊದಲು, ಸ್ಟೀರಾಯ್ಡ್‌ಗಿಂತ ಬೆರಳಿಗೆ ಹಚ್ಚುವ ಅಂಟಿನ ಬಗ್ಗೆ ಯೋಚಿಸಿ. ಆ ತಿಂಗಳಿಂದ ಅಂಪೈರ್‌ಗಳು ಕೈ, ಟೋಪಿ, ಬೆಲ್ಟ್ ತಪಾಸಣೆ ಶುರು ಮಾಡಿದರು. ಅದು ಬೇರೆಯೇ ಮೋಸ, ಅದಕ್ಕೆ ಬೇರೆಯೇ ಲೆಕ್ಕ.

ಮೈಕಟ್ಟು ನೋಡಿ ತೀರ್ಪು ಕೊಡಬೇಡಿ

ಕೊಲೋನ್‌ನ ಚಿತ್ರ ಹುಡುಕಿ ನೋಡಿ. ದುಂಡಗೆ, ಹೊಟ್ಟೆ ಮುಂದೆ ಬಿಟ್ಟುಕೊಂಡು, ಊಟ ಮುಗಿಸಿ ಈಗಷ್ಟೇ ಎದ್ದು ಬಂದವನಂತೆ ಇರುತ್ತಿದ್ದ. ಸ್ಟೀರಾಯ್ಡ್ ಬಳಸುವವನ ಚಿತ್ರ ಬರೆಯಿರಿ ಅಂದರೆ ಯಾರೂ ಅವನನ್ನು ಬರೆಯುತ್ತಿರಲಿಲ್ಲ. ಸಿಕ್ಕಿಬಿದ್ದದ್ದು ಅವನು. ಸ್ವಾರಸ್ಯ ಅಲ್ಲಿಗೇ ಮುಗಿಯಲಿಲ್ಲ. ಶಿಕ್ಷೆ ಮುಗಿಸಿ ಬಂದ ಮರುವರ್ಷ, 2013ರಲ್ಲಿ, ಎಲ್ಲರ ಕಣ್ಣು ಅವನ ಮೇಲೆ ಇದ್ದಾಗ, 40ನೇ ವಯಸ್ಸಿನಲ್ಲಿ 18-6, ಇಆರ್‌ಎ 2.65. ಸಿಕ್ಕಿಬಿದ್ದ ವರ್ಷಕ್ಕಿಂತ ಚೆನ್ನಾಗಿ! ಆಮೇಲೂ 45ರವರೆಗೆ ಎಸೆದ. ಔಷಧ ಇದ್ದದ್ದು ನಿಜ, ಆಟ ಚೆನ್ನಾಗಿದ್ದದ್ದೂ ನಿಜ. ಒಂದರಿಂದಲೇ ಇನ್ನೊಂದು ಬಂತು ಅನ್ನುವ ಸೇತುವೆ ಮಾತ್ರ ಗಟ್ಟಿಯಿಲ್ಲ. 2010ರಲ್ಲಿ ಅವನು ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಭುಜಕ್ಕೆ, ಮೊಣಕೈಗೆ ಕಾಂಡಕೋಶ ಚಿಕಿತ್ಸೆ ಮಾಡಿಸಿಕೊಂಡಿದ್ದ ಅನ್ನುವುದನ್ನೂ ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಇಷ್ಟದವನಿಗೂ ಅದೇ ತಕ್ಕಡಿ

ಈಗ ಕಷ್ಟದ ಭಾಗ. ನೋಲನ್ ರಯನ್ 42ನೇ ವಯಸ್ಸಿನಲ್ಲಿ, 1989ರಲ್ಲಿ, 301 ಸ್ಟ್ರೈಕ್‌ಔಟ್ ಮಾಡಿದ. 1991ರ ಮೇ 1ರಂದು, 44ರಲ್ಲಿ, ಏಳನೇ ನೋ ಹಿಟರ್ ಎಸೆದ, ಅಂದರೆ ಎದುರು ತಂಡಕ್ಕೆ ಒಂದೂ ಹಿಟ್ ಕೊಡದ ಪೂರ್ತಿ ಪಂದ್ಯ. ರ‍್ಯಾಂಡಿ ಜಾನ್ಸನ್ 37ರಲ್ಲಿ 372 ಸ್ಟ್ರೈಕ್‌ಔಟ್, 35ರಿಂದ 38ರವರೆಗೆ ಸತತ ನಾಲ್ಕು ಸೈ ಯಂಗ್, 40ರಲ್ಲಿ ಪರ್ಫೆಕ್ಟ್ ಗೇಮ್, ಅಂದರೆ ಎದುರು ತಂಡದ ಒಬ್ಬನನ್ನೂ ಬೇಸ್ ಮುಟ್ಟಲು ಬಿಡದ ಪಂದ್ಯ. ಬರೀ ಅಂಕಿ ನೋಡಿದರೆ ಕ್ಲೆಮೆನ್ಸ್‌ಗಿಂತ ಇವರೇನು ಕಡಿಮೆ ವಿಚಿತ್ರ? ಇವರ ಮೇಲೆ ಕಾಗದ ಇಲ್ಲ. ಟೆಸ್ಟ್ ಇಲ್ಲ, ರಸೀದಿ ಇಲ್ಲ, ಟ್ರೇನರ್ ಹೇಳಿಕೆ ಇಲ್ಲ. ಜಾನ್ಸನ್‌ನ ವಿಚಾರದಲ್ಲಿ ಬೇರೆ ವಿವರಣೆಯೂ ಕೈಗೆ ಸಿಗುತ್ತದೆ. ಮೊದಲ ವರ್ಷಗಳಲ್ಲಿ ಗುರಿ ಇಲ್ಲದೆ ಎಸೆದು ವಾಕ್, ಅಂದರೆ ದಾಂಡಿಗನಿಗೆ ಪುಕ್ಕಟೆ ಮೊದಲ ಬೇಸ್, ಕೊಡುವುದರಲ್ಲಿ ಲೀಗ್‌ಗೇ ಮೊದಲಿಗನಾಗಿದ್ದವನು, 1992ರಲ್ಲಿ ರಯನ್ ಮತ್ತು ಕೋಚ್ ಟಾಮ್ ಹೌಸ್ ಹೇಳಿಕೊಟ್ಟ ಮೇಲೆ ಕಾಲೂರುವ ರೀತಿ ತಿದ್ದಿಕೊಂಡ. ತಡವಾಗಿ ಅರಳಿದವನು ತಡವಾಗಿ ಬಾಡಿದ.

ಆದ್ದರಿಂದ ರಯನ್ ಮೇಲೆ ಆರೋಪ ಹೊರಿಸಬಾರದು, ಸರಿ. ಆದರೆ ಅದಕ್ಕೆ ಕಾರಣ "ಅವನು ಟೆಕ್ಸಸ್‌ನ ಒಳ್ಳೆಯ ಹುಡುಗ" ಅನ್ನುವುದಲ್ಲ. ಕಾರಣ ಕಾಗದ ಇಲ್ಲದಿರುವುದು, ಅದೊಂದೇ. ಆಗ ಟೆಸ್ಟ್ ಇರಲಿಲ್ಲ ಅನ್ನುವುದು ರಯನ್‌ಗೂ ಅನ್ವಯಿಸುತ್ತದೆ. ಟಾಮ್ ಹೌಸ್ 2005ರಲ್ಲಿ ತಾನು ಆಟಗಾರನಾಗಿದ್ದ 1970ರ ಆಸುಪಾಸಿನ ಕಾಲದಲ್ಲೇ ಸ್ಟೀರಾಯ್ಡ್ ಪ್ರಯೋಗಿಸಿದ್ದೆ, ಬೇರೆ ಪಿಚರ್‌ಗಳೂ ಮಾಡುತ್ತಿದ್ದರು ಅಂತ ಬಾಯಿ ಬಿಟ್ಟು ಹೇಳಿದ. ಹಾಗಾಗಿ "ಹಳೆಯ ಕಾಲ ಶುದ್ಧ" ಅನ್ನುವ ಮಾತನ್ನು ನಂಬಬೇಡಿ. ಅದರಿಂದ ಯಾವ ಒಬ್ಬ ಆಟಗಾರನ ಮೇಲೂ ಏನೂ ಸಾಬೀತಾಗುವುದಿಲ್ಲ ಅನ್ನುವುದನ್ನೂ ಮರೆಯಬೇಡಿ. ಕ್ರಿಕೆಟ್ ಪ್ರೇಮಿಗಳು ಇದನ್ನೇ ಜೇಮ್ಸ್ ಆ್ಯಂಡರ್ಸನ್ ಮೇಲೆ ಹಾಕಿ ನೋಡಿ. 41ರವರೆಗೆ ಟೆಸ್ಟ್ ಕ್ರಿಕೆಟ್‌ನಲ್ಲಿ ವೇಗದ ಬೌಲಿಂಗ್, 704 ವಿಕೆಟ್, ಆದರೂ ನಮಗೆ ಯಾರಿಗೂ ಅನುಮಾನವೇ ಬರಲಿಲ್ಲ. ಬರಬೇಕಿತ್ತು ಅಂತಲ್ಲ. ಅನುಮಾನ ಅಂಕಿಯಿಂದ ಮಾತ್ರ ಹುಟ್ಟುವುದಿಲ್ಲ ಅಂತ ಹೇಳುತ್ತಿದ್ದೇನೆ.

ಬರೆಯುವಾಗ

ಟೆಸ್ಟ್‌ನಲ್ಲಿ ಸಿಕ್ಕಿಬಿದ್ದ, ಒಪ್ಪಿಕೊಂಡ, ವರದಿಯಲ್ಲಿ ಹೆಸರಿದೆ, ಒಬ್ಬ ಆರೋಪಿಸಿದ್ದಾನೆ, ನನಗೆ ಅನ್ನಿಸುತ್ತದೆ. ಈ ಐದನ್ನೂ ಬೇರೆ ಬೇರೆಯಾಗಿ ಬರೆಯಿರಿ, ಒಂದರ ಜಾಗದಲ್ಲಿ ಇನ್ನೊಂದನ್ನು ಇಡಬೇಡಿ. ಆಟಗಾರ ನಿರಾಕರಿಸಿದ್ದರೆ ಅದನ್ನೂ ಬರೆಯಿರಿ. ಔಷಧದ ಹೆಸರು, ವರ್ಷ, ಹೇಳಿದವನು ಯಾರು, ಇವು ಮೂರೂ ಇಲ್ಲದ ವಾಕ್ಯವನ್ನು ಪೋಸ್ಟ್ ಮಾಡುವುದಕ್ಕೆ ಮೊದಲು ಅಳಿಸಿಬಿಡಿ, ಯಾರಿಗೂ ನಷ್ಟ ಇಲ್ಲ.

ಕೈ ಪಳಗಿಸಿಕೊಳ್ಳಲು ಕೆವಿನ್ ಬ್ರೌನ್ ಒಳ್ಳೆಯ ಪಾಠ. 1995ರಲ್ಲಿ ಬಾಲ್ಟಿಮೋರ್‌ನಲ್ಲಿ ಇಆರ್‌ಎ 3.60. 1996ರಲ್ಲಿ 31ನೇ ವಯಸ್ಸಿಗೆ ಫ್ಲಾರಿಡಾದಲ್ಲಿ 1.89. 2001ರಲ್ಲಿ ಮೊಣಕೈ ಶಸ್ತ್ರಚಿಕಿತ್ಸೆ, 2002ರಲ್ಲಿ 4.81, 2003ರಲ್ಲಿ 38ನೇ ವಯಸ್ಸಿಗೆ ಮತ್ತೆ 2.39. ಮಿಚೆಲ್ ವರದಿಯಲ್ಲಿ ರಾಡೊಮ್ಸ್ಕಿ ಹೇಳಿಕೆ ಇದೆ, ಅವನ ಪ್ರಕಾರ ವ್ಯವಹಾರ ಶುರುವಾದದ್ದು 2000 ಅಥವಾ 2001ರಲ್ಲಿ. 2004ರ ಒಂದು ಅಂಚೆ ರಸೀದಿಯೂ ಇದೆ. ಈಗ ನೀವೇ ಜೋಡಿಸಿ. ಯಾವ ಜಿಗಿತ ಆರೋಪದ ಕಾಲದೊಳಗೆ ಬೀಳುತ್ತದೆ, ಯಾವುದು ಬೀಳುವುದಿಲ್ಲ, ಎಲ್ಲಿ ಲೀಗ್ ಮತ್ತು ಮೈದಾನ ಬದಲಾಯಿತು, ಎಲ್ಲಿ ಡಾಕ್ಟರ ಕೈ ಇದೆ. 1996ರ 1.89ಕ್ಕೆ ಒಂದು ಹಾಳೆ, 2003ರ 2.39ಕ್ಕೆ ಇನ್ನೊಂದು ಹಾಳೆ ತಗೊಳ್ಳಿ.